ತುಮಕೂರು: ಏರ್ ಪಿಸ್ತೂಲ್ ಕ್ಲಬ್‌ಗೆ ವರ್ಷದ ಫೀಸು ಕಟ್ಟುವ ಮುಂಚೆ ಏನೇನು ನೋಡಬೇಕು?

ಬಿಎಚ್ ರೋಡ್

ಮಗಳಿಗೆ 13 ವರ್ಷ. 10 ಮೀಟರ್ ಏರ್ ಪಿಸ್ತೂಲ್ (ಗಾಳಿಯ ಒತ್ತಡದಿಂದ ಗುಂಡು ಹಾರಿಸೋದು) ಕಲಿಯಬೇಕು ಅಂತಿದ್ದಾಳೆ. ತುಮಕೂರಿನಲ್ಲೇ ಸಂಜೆ ಹೋಗಿ ಬರುವಂಥ ಒಂದು ರೇಂಜ್ (ಗುರಿ ಅಭ್ಯಾಸದ ಜಾಗ) ಇದೆ. ಇಲ್ಲದಿದ್ದರೆ ಶನಿವಾರ, ಭಾನುವಾರ ರೈಲು ಹತ್ತಿ ಬೆಂಗಳೂರು. ಇಲ್ಲಿಯವರು ವರ್ಷದ ಫೀಸು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅಂತಾರೆ. ಎರಡು ಲೇನ್ ಎಲೆಕ್ಟ್ರಾನಿಕ್, ಉಳಿದದ್ದೆಲ್ಲ ಪೇಪರ್ ಟಾರ್ಗೆಟ್. ಗನ್ ಕ್ಲಬ್ಬಿನದೇ. ಟ್ರಯಲ್‌ಗೆ ಹೋದ ದಿನ ಏನು ನೋಡಿದರೆ ಜಾಗ ಒಳ್ಳೆಯದೋ ಅಲ್ಲವೋ ಗೊತ್ತಾಗುತ್ತೆ? ಸ್ವಂತ ಪಿಸ್ತೂಲ್ ಯಾವಾಗ ತಗೋಬೇಕು, ಅದಕ್ಕೆ ಲೈಸೆನ್ಸ್ ಬೇಕಾ? ತಿಳಿದವರು ಹೇಳಿ.

ಲೇನ್ ನಾಲ್ಕು

ಸರ್, ಎಲೆಕ್ಟ್ರಾನಿಕ್ ಟಾರ್ಗೆಟ್ ಎಷ್ಟಿದೆ ಅನ್ನೋದನ್ನ ಕೊನೆಗೆ ನೋಡಿ. ಮೊದಲು ಹಿಂದೆ ಕುರ್ಚಿ ಹಾಕಿಕೊಂಡು ಅರ್ಧ ಗಂಟೆ ಸುಮ್ಮನೆ ಕೂತು, ಟಾರ್ಗೆಟ್ ಕಡೆ ಯಾರಾದರೂ ನಡೆದು ಹೋಗುವಾಗ ಏನಾಗುತ್ತೆ ಗಮನಿಸಿ. ಪೇಪರ್ ಬದಲಿಸೋಕೆ ಒಬ್ಬರು ಮುಂದೆ ಹೋಗುವ ಮೊದಲು ‘ಸ್ಟಾಪ್’, ‘ಅನ್‌ಲೋಡ್’ ಅನ್ನೋ ಮಾತು ಜೋರಾಗಿ ಬರಬೇಕು. ಎಲ್ಲರೂ ಗನ್ ಟೇಬಲ್ ಮೇಲಿಟ್ಟು ಕೈ ತೆಗೆಯಬೇಕು, ಬ್ಯಾರೆಲ್ ಒಳಗೆ ಬಣ್ಣದ ಸೇಫ್ಟಿ ದಾರ ಹಾಕಿರಬೇಕು. ದಾರ ಬ್ಯಾರೆಲ್‌ನ ಪೂರ್ತಿ ಉದ್ದಕ್ಕೂ ಹೋಗಿ ಎರಡೂ ಕಡೆ ಕಾಣಬೇಕು; ಆಗ ಒಳಗೆ ಪೆಲೆಟ್ (ಸಣ್ಣ ಗುಂಡು) ಇಲ್ಲ ಅಂತ ದೂರದಿಂದಲೇ ಗೊತ್ತಾಗುತ್ತೆ. ಪಕ್ಕದ ಲೇನ್‌ನವರು ಶಾಟ್ ಹೊಡೀತಿರುವಾಗಲೇ ಒಬ್ಬರು ಮುಂದೆ ನಡೆದು ಹೋದರೆ ಅಲ್ಲಿಂದ ಎದ್ದು ಬನ್ನಿ, ಮಿಕ್ಕಿದ್ದನ್ನ ನೋಡೋದೇ ಬೇಡ.

ಎರಡನೆಯದು ಸೀಸ. ಪೆಲೆಟ್ ಸಾಮಾನ್ಯವಾಗಿ ಸೀಸದ್ದೇ. ಕಬ್ಬಿಣದ ತಟ್ಟೆಗೆ ಬಡಿದಾಗ ಸಣ್ಣ ಪುಡಿ ಏಳುತ್ತೆ. ಎಕ್ಸಾಸ್ಟ್ ಫ್ಯಾನ್ ಟಾರ್ಗೆಟ್ ಕಡೆ ಇರಬೇಕು. ಗಾಳಿ ಅಲ್ಲಿಂದ ಮಕ್ಕಳ ಮುಖದ ಕಡೆ ಬೀಸೋ ಹಾಗಿದ್ದರೆ ಸರಿಯಲ್ಲ. ನೆಲವನ್ನ ಪೊರಕೆಯಲ್ಲಿ ಗುಡಿಸ್ತಾರೋ, ಒದ್ದೆ ಬಟ್ಟೆಯಲ್ಲಿ ಒರೆಸ್ತಾರೋ ಕೇಳಿ. ಪೊರಕೆ ಆಡಿಸಿದರೆ ಪುಡಿ ಮತ್ತೆ ಗಾಳಿಗೆ ಏಳುತ್ತೆ. ಶೂಟ್ ಮಾಡೋ ಟೇಬಲ್ ಮೇಲೆ ಬಿಸ್ಕತ್ತಿನ ಪ್ಯಾಕೆಟ್ ಕಂಡರೆ ಅಲ್ಲಿ ಯಾರಿಗೂ ಇದರ ಪರಿವೆ ಇಲ್ಲ ಅಂತ ಅರ್ಥ. ಮಗಳಿಗೆ ಮೊದಲ ದಿನವೇ ಹೇಳಿಕೊಡಿ: ಮುಗಿದ ತಕ್ಷಣ ಸೋಪು ಹಾಕಿ ತಣ್ಣೀರಲ್ಲಿ ಕೈ ತೊಳೆಯಬೇಕು, ಪೆಲೆಟ್ ಬಾಯಲ್ಲಿ ಇಟ್ಟುಕೊಳ್ಳಬಾರದು.

ಒಂದು ಟೇಪ್ ಜೇಬಲ್ಲಿರಲಿ. ನಿಲ್ಲುವ ಗೆರೆಯಿಂದ ಟಾರ್ಗೆಟ್‌ಗೆ 10 ಮೀಟರ್, ಐದು ಸೆಂಟಿಮೀಟರ್ ಆಚೀಚೆ ಆಗಬಹುದು. ಟಾರ್ಗೆಟ್ ನಡುಬಿಂದು ನೆಲದಿಂದ 1.40 ಮೀಟರ್ ಎತ್ತರದಲ್ಲಿರಬೇಕು. ಬಾಡಿಗೆ ಹಾಲ್‌ನಲ್ಲಿ ಮಾಡಿದ ರೇಂಜ್‌ಗಳಲ್ಲಿ ಎತ್ತರ ತಪ್ಪಿರೋದೇ ಜಾಸ್ತಿ. ಹುಡುಗಿ ಅದಕ್ಕೇ ತೋಳು ಹೊಂದಿಸಿಕೊಂಡು, ಸ್ಪರ್ಧೆಗೆ ಹೋದಾಗ ಎಲ್ಲ ಶಾಟ್ ಮೇಲೋ ಕೆಳಗೋ ಹೋಗುತ್ತೆ. ಟಾರ್ಗೆಟ್ ಮೇಲೆ ಕನಿಷ್ಠ 1500 ಲಕ್ಸ್ ಬೆಳಕು ಬೇಕು. ಮೊಬೈಲ್ ಆ್ಯಪ್ ಪಕ್ಕಾ ಹೇಳಲ್ಲ, ಅಂದಾಜು ಸಿಗುತ್ತೆ. ನಿಂತ ಜಾಗ ಪೂರ್ತಿ ಕತ್ತಲಾಗಿದ್ದು ಟಾರ್ಗೆಟ್ ಮಾತ್ರ ಝಗಝಗ ಅಂದರೂ ಕಣ್ಣು ಬೇಗ ಸುಸ್ತಾಗುತ್ತೆ.

ಆ ಎರಡು ಎಲೆಕ್ಟ್ರಾನಿಕ್ ಲೇನ್‌ಗೆ ಯುಪಿಎಸ್ ಇದೆಯಾ ಅಂತಲೂ ಕೇಳಿ. 60 ಶಾಟ್ ಸರಣಿಯ ಮಧ್ಯೆ ಕರೆಂಟ್ ಹೋದರೆ ಎಲ್ಲ ಮೊದಲಿಂದ ಆಗಬಹುದು. ಆ ಟಾರ್ಗೆಟ್ ಒಳಗೆ ಸುತ್ತುವ ಪೇಪರ್ ಅಥವಾ ರಬ್ಬರ್ ಪಟ್ಟಿ ಮುಂದೆ ಸರಿಯದೆ ಒಂದೇ ಕಡೆ ತೂತು ಬಿದ್ದಿದ್ದರೆ ಸ್ಕ್ರೀನ್ ತೋರಿಸೋ ಸ್ಕೋರ್ ನಂಬೋ ಹಾಗಿಲ್ಲ. ಕಲಿಯುವವರಿಗೆ ಪೇಪರ್ ಏನೂ ಕಡಿಮೆಯಲ್ಲ. ಒಂದು ಕಾರ್ಡಿಗೆ ಐದೇ ಶಾಟ್ ಹೊಡೆಸಿ, ಕಾರ್ಡಿನ ಹಿಂದೆ ತಾರೀಖು ಬರೆಸಿ ಇಡುವ ಕೋಚ್ ಸಿಕ್ಕರೆ ಬಿಡಬೇಡಿ.

ಪೆಲೆಟ್ ಡಬ್ಬಿ

ಮೇಲಿನವರು ಗನ್ ವಿಷಯ ಮುಟ್ಟಿಲ್ಲ. ದುಡ್ಡು ಕೊಟ್ಟವರಿಗೆ ಬೇಸರ ಆಗೋದು ಹೆಚ್ಚಾಗಿ ಅಲ್ಲೇ.

ಕ್ಲಬ್ ಪಿಸ್ತೂಲಿನ ಹಿಡಿ ಸಾಮಾನ್ಯವಾಗಿ ದೊಡ್ಡವರ ಅಳತೆಯದು. ಮಗಳು ಹಿಡಿದಾಗ ತೋರುಬೆರಳಿನ ಮೊದಲ ಗಿಣ್ಣಿನ ಮುಂದಿನ ಮೆತ್ತನೆ ಭಾಗ ಟ್ರಿಗರ್ ಮೇಲೆ ನೇರವಾಗಿ ಕೂರಬೇಕು, ಬೆರಳಿನ ಉಳಿದ ಭಾಗ ಹಿಡಿಯ ಮರಕ್ಕೆ ತಾಗಬಾರದು. ತುದಿ ಮಾತ್ರ ತಾಗ್ತಿದೆ ಅಂದರೆ ಹಿಡಿ ದೊಡ್ಡದು. ಅದರಲ್ಲೇ ಆರು ತಿಂಗಳು ಹೊಡೆದರೆ ಟ್ರಿಗರ್ ಪಕ್ಕಕ್ಕೆ ಎಳೆಯೋ ಅಭ್ಯಾಸ ಬೀಳುತ್ತೆ, ಆಮೇಲೆ ಅದನ್ನ ಬಿಡಿಸೋದು ಕಲಿಸೋದಕ್ಕಿಂತ ಕಷ್ಟ. ಚಿಕ್ಕ ಹಿಡಿ ಇದೆಯಾ ಕೇಳಿ. ಪಿಸ್ತೂಲ್ ತೂಕ ಒಂದು ಕೆಜಿ ಆಸುಪಾಸು, ಅದನ್ನ ಒಂದೇ ಕೈಯಲ್ಲಿ ಹಿಡಿಯಬೇಕು. ಮೊದಲ ವಾರಗಳಲ್ಲಿ ಬರೀ ಎತ್ತಿ 10-15 ಸೆಕೆಂಡು ಹಿಡಿದು ಇಳಿಸೋದು, ಖಾಲಿ ಬಿಳಿ ಕಾರ್ಡಿಗೆ ಹೊಡೆಯೋದು, ಇಷ್ಟೇ ಮಾಡಿಸಬೇಕು. ಮೊದಲ ದಿನವೇ ಕಪ್ಪು ವೃತ್ತ ತೋರಿಸಿ ಹತ್ತರ ಅಂಕ ಹೊಡಿ ಅನ್ನೋ ಕಡೆ ಕೋಚಿಂಗ್ ಕಡಿಮೆ, ವ್ಯಾಪಾರ ಜಾಸ್ತಿ.

ಗಾಳಿ. ಈಗಿನ ಸ್ಪರ್ಧೆಯ ಪಿಸ್ತೂಲುಗಳ ಗಾಳಿ ಸಿಲಿಂಡರ್ 200 ಬಾರ್‌ಗೆ (ಬಾರ್ ಅಂದರೆ ಒತ್ತಡದ ಅಳತೆ) ತುಂಬಿಸೋದು. ತುಂಬಿಸೋ ದೊಡ್ಡ ಟ್ಯಾಂಕ್ 300 ಬಾರ್‌ನದ್ದಾಗಿದ್ದರೂ ಗನ್‌ಗೆ 200 ದಾಟಬಾರದು. ವಾಲ್ವ್ ನಿಧಾನಕ್ಕೆ ತೆರೆಯಬೇಕು. ಒಂದೇ ಸಲ ಬಿಟ್ಟರೆ ಸಿಲಿಂಡರ್ ಬಿಸಿಯಾಗಿ ಗೇಜು 200 ತೋರಿಸುತ್ತೆ, ತಣ್ಣಗಾದ ಮೇಲೆ ಇಳಿದುಹೋಗುತ್ತೆ. 70-80 ಬಾರ್ ಹತ್ತಿರ ಬಂದ ಮೇಲೂ ಹೊಡೀತಾ ಇದ್ದರೆ ವೇಗ ಇಳಿದು ಶಾಟ್‌ಗಳು ಒಂದೊಂದಾಗಿ ಕೆಳಗೆ ಜಾರ್ತವೆ, ಮಗು ತನ್ನದೇ ತಪ್ಪು ಅಂದುಕೊಳ್ಳುತ್ತೆ. ಸಿಲಿಂಡರ್ ಮೇಲೆ ಕೊರೆದಿರುವ ತಾರೀಖು ಓದಿ. ಜರ್ಮನಿಯ ಕಂಪನಿಗಳು ಸಾಮಾನ್ಯವಾಗಿ ತಯಾರಾದ ದಿನದಿಂದ 10 ವರ್ಷ ಅಂತ ಹೇಳ್ತವೆ. ಅವಧಿ ಮುಗಿದಿದ್ದರೆ ದೊಡ್ಡ ಸ್ಪರ್ಧೆಗಳ ತಪಾಸಣೆಯಲ್ಲಿ ನಿಲ್ಲಿಸ್ತಾರೆ. ಮತ್ತೆ, ವೆಲ್ಡಿಂಗ್ ಅಂಗಡಿಯ ಆಮ್ಲಜನಕ ಯಾವ ಕಾರಣಕ್ಕೂ ಬೇಡ. ಒಳಗಿನ ಗ್ರೀಸಿಗೆ ತಾಗಿದರೆ ಸಿಡಿಯುತ್ತೆ. ಒಣ ಗಾಳಿಯ ಕಂಪ್ರೆಸರ್ ಎಲ್ಲಿದೆ, ಯಾರು ತುಂಬಿಸ್ತಾರೆ ಅಂತ ಕೇಳಿದಾಗ ತಕ್ಷಣ ಉತ್ತರ ಬರಬೇಕು.

ಪೆಲೆಟ್ 4.5 ಮಿ.ಮೀ., ಚಪ್ಪಟೆ ತಲೆಯದೇ ಬೇಕು. ಪೇಪರಿನಲ್ಲಿ ದುಂಡಗೆ ಕತ್ತರಿಸಿದ ಹಾಗೆ ತೂತು ಬೀಳೋದು ಅದರಿಂದಲೇ. ಚೂಪು ತಲೆಯದರಿಂದ ಪೇಪರ್ ಹರಿಯುತ್ತೆ, ಸ್ಕೋರ್ ಜಗಳ. ಡಬ್ಬಿ ಮೇಲೆ 4.49, 4.50 ಅಂತ ತಲೆಯ ಅಳತೆ ಬರೆದಿರುತ್ತೆ, ಒಂದೊಂದು ಬ್ಯಾರೆಲ್‌ಗೆ ಒಂದೊಂದು ಹೊಂದುತ್ತೆ. ಗನ್ ಅನ್ನ ಬಿಗಿಯಾಗಿ ಕಟ್ಟಿ 10 ಶಾಟ್ ಹೊಡೆಸಿ ನೋಡಿ. ಎಲ್ಲ ತೂತುಗಳ ಹೊರ ಅಂಚು ಸೇರಿ 7-8 ಮಿ.ಮೀ. ಒಳಗೆ ಬಂದರೆ ಗನ್ನೂ ಸರಿ, ಪೆಲೆಟ್ಟೂ ಸರಿ. ಪಿಸ್ತೂಲ್ ಟಾರ್ಗೆಟ್‌ನ ಹತ್ತರ ವೃತ್ತ 11.5 ಮಿ.ಮೀ., ಲೆಕ್ಕ ನೀವೇ ಹಾಕಿ. ಬಿಡಿ ಪೆಲೆಟ್ ಕವರಿನಲ್ಲಿ ಸುರಿದು ಕೊಡೋ ಕಡೆ ಅಂಚು ನಗ್ಗಿದ್ದು ಖಂಡಿತ ಇರುತ್ತೆ. 500ರ ಸೀಲ್ ಡಬ್ಬಿ ನೀವೇ ತಗೊಳ್ಳಿ, ದಿನಕ್ಕೆ 60 ಅಂದರೆ ಎಂಟು ದಿನ ಬರುತ್ತೆ.

ಲೈಸೆನ್ಸ್: ಬೋರ್ (ಬ್ಯಾರೆಲ್ ಒಳಗಿನ ಅಗಲ) 0.177 ಇಂಚು ಮೀರದೆ, ಶಕ್ತಿ 20 ಜೂಲ್ ಒಳಗಿದ್ದರೆ 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಬೇಡ. ಅರ್ಧ ಗ್ರಾಂ ಪೆಲೆಟ್ ಸೆಕೆಂಡಿಗೆ 150 ಮೀಟರ್ ಹೋದರೆ ಆರು ಜೂಲ್ ಕೂಡ ಆಗಲ್ಲ. ಆದರೂ ಬಸ್ಸಲ್ಲಿ, ರೈಲಲ್ಲಿ ಒಯ್ಯುವಾಗ ಪೆಟ್ಟಿಗೆಯಲ್ಲೇ ಇರಲಿ, ಖರೀದಿ ಬಿಲ್ ಮತ್ತು ಕ್ಲಬ್ ಕಾರ್ಡು ಜೊತೆಗಿರಲಿ. ನೋಡೋಕೆ ಅದು ಪಿಸ್ತೂಲೇ ಅಲ್ವಾ.

ತೆಂಗಿನ ತೋಟ

ಮಧ್ಯೆ ಒಂದು ಪ್ರಶ್ನೆ. ಗುಬ್ಬಿ ಕಡೆ ತೋಟ, ಬೆಳೆ ರಕ್ಷಣೆಗೆ ಲೈಸೆನ್ಸ್ ಇರೋ ಹನ್ನೆರಡು ಬೋರಿನ ಕೋವಿ ಇದೆ. ಇಂಥ ಕ್ಲಬ್ಬಿಗೆ ಸೇರಿದರೆ ಅಭ್ಯಾಸ ಮಾಡಬಹುದಾ?

ಲೇನ್ ನಾಲ್ಕು

ಆಗಲ್ಲ. ಏರ್ ರೇಂಜಿನ ಹಿಂಬದಿ ಪೆಲೆಟ್ ತಡೆಯೋಕೆ ಮಾಡಿದ್ದು, ಕೋವಿಯ ಗುಂಡು ತಡೆಯಲ್ಲ. ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ಮಾಡ್ತಾರೆ. ಎಸ್‌ಪಿ ಕಚೇರಿಯಲ್ಲಿ ಅಥವಾ ನಿಮ್ಮ ಠಾಣೆಯಲ್ಲಿ ಮುಂದಿನದು ಯಾವಾಗ ಅಂತ ವಿಚಾರಿಸಿ.

ಬಿಎಚ್ ರೋಡ್

ಇಬ್ಬರಿಗೂ ಥ್ಯಾಂಕ್ಸ್. ಟ್ರಯಲ್‌ಗೆ ಹೋಗಿದ್ವಿ. ಸೇಫ್ಟಿ ದಾರ ಇತ್ತು, ಕಮಾಂಡ್ ಸರಿಯಾಗಿ ಹೇಳ್ತಾರೆ, ನೆಲ ಒರೆಸ್ತಾರೆ. ಟಾರ್ಗೆಟ್ ಎತ್ತರವೂ ಸರಿ. ಹಿಡಿ ಮಾತ್ರ ದೊಡ್ಡದು. ಅವಳ ಶಾಟ್‌ಗಳು ಕೆಳಗೆ ಎಡಕ್ಕೆ ಹೋಗ್ತವೆ, ಹೊಡೆಯೋದು ಬಲಗೈಯಲ್ಲಿ. ಸೈಟ್ (ಗನ್ ಮೇಲೆ ಗುರಿ ನೋಡುವ ಗುರುತು) ತಿರುಗಿಸಿ ಸರಿ ಮಾಡ್ತೀವಿ ಅಂದರು. ಬೇಡ ಅನ್ನಲಾ?

ಪೆಲೆಟ್ ಡಬ್ಬಿ

ಬೇಡ ಅನ್ನಿ. ಬಲಗೈಯವರಿಗೆ ಕೆಳಗೆ ಎಡಕ್ಕೆ ಹೋದರೆ ಹೆಚ್ಚಿನ ಪಾಲು ಟ್ರಿಗರ್ ಒಮ್ಮೆಲೇ ಎಳೆದದ್ದು, ಇಲ್ಲವೇ ಎಳೆಯುವಾಗ ಇಡೀ ಮುಷ್ಟಿ ಬಿಗಿಯಾದದ್ದು. ಸೈಟ್ ತಿರುಗಿಸಿದರೆ ತಪ್ಪು ಒಳಗೇ ಉಳಿಯುತ್ತೆ. ಕೋಚ್ ಅದೇ ಪಿಸ್ತೂಲಲ್ಲಿ ಐದು ಹೊಡೆದು ತೋರಿಸಲಿ. ತೂತುಗಳ ಗುಂಪು ನಡುವೆ ಬಂದರೆ ಸೈಟ್ ಸರಿ ಇದೆ. ಪೆಲೆಟ್ ಇಲ್ಲದೆ ಡ್ರೈ ಮಾಡಿಸಿ, ಮುಂದಿನ ಸೈಟ್ ಟ್ರಿಗರ್ ಬಿದ್ದಾಗ ಅಲ್ಲಾಡುತ್ತಾ ನೋಡಲಿ. ಡ್ರೈ ವ್ಯವಸ್ಥೆ ಇರುವ ಕಂಪ್ರೆಸ್ಡ್ ಏರ್ ಗನ್‌ನಲ್ಲಿ ಮಾತ್ರ ಇದು. ಸ್ಪ್ರಿಂಗ್ ಗನ್ ಪೆಲೆಟ್ ಇಲ್ಲದೆ ಬಿಟ್ಟರೆ ಪಿಸ್ಟನ್ ಬಡಿದು ಸೀಲ್ ಹಾಳಾಗುತ್ತೆ. ಟ್ರಿಗರ್ ತೂಕವೂ ನೋಡಿಸಿ: ಬ್ಯಾರೆಲ್ ಮೇಲ್ಮುಖ ಮಾಡಿ ಟ್ರಿಗರ್‌ಗೆ 500 ಗ್ರಾಂ ತೂಕ ಸಿಕ್ಕಿಸಿ ಎತ್ತಿದಾಗ ಟ್ರಿಗರ್ ಬಿಡುಗಡೆ ಆಗಬಾರದು. ಮಕ್ಕಳಿಗೆ ಸುಲಭ ಆಗಲಿ ಅಂತ ಇದಕ್ಕಿಂತ ಹಗುರ ಮಾಡಿಟ್ಟಿರ್ತಾರೆ, ಸ್ಪರ್ಧೆಯಲ್ಲಿ ಅದು ನಡೆಯಲ್ಲ.

ಲೇನ್ ನಾಲ್ಕು

ವರ್ಷದ ಫೀಸು ಬೇಡ, ಮೂರು ತಿಂಗಳದ್ದು ಕಟ್ಟಿ. ಚಿಕ್ಕ ಹಿಡಿ ತರಿಸಿಕೊಡ್ತಾರಾ ಅನ್ನೋದು ಅಷ್ಟರಲ್ಲಿ ಗೊತ್ತಾಗುತ್ತೆ. ತರಿಸಿಕೊಟ್ಟರೆ ಬೆಂಗಳೂರು ಓಡಾಟ ಈಗಲೇ ಬೇಡ. ವಾರಕ್ಕೆ ನಾಲ್ಕು ಸಂಜೆ ಇಲ್ಲಿ ಸಿಗೋದು ಎರಡು ದಿನ ಅಲ್ಲಿ ಹೋಗಿ ಬರೋದಕ್ಕಿಂತ ಮೇಲು. ರಸೀದಿಯಲ್ಲಿ ಪೆಲೆಟ್, ಕಾರ್ಡ್, ಗಾಳಿ ತುಂಬಿಸೋದು ಸೇರಿದೆಯೋ ಬೇರೆಯೋ ಅಂತ ಬರೆಸಿಕೊಳ್ಳಿ. ಕ್ಲಬ್ ರಾಜ್ಯ ರೈಫಲ್ ಸಂಸ್ಥೆಯ ಮಾನ್ಯತೆಯಲ್ಲಿದೆಯಾ, ರಾಜ್ಯ ಮಟ್ಟದ ಸ್ಪರ್ಧೆಗೆ ಹೆಸರು ಯಾರ ಮೂಲಕ ಹೋಗುತ್ತೆ ಅನ್ನೋದನ್ನೂ ಈಗಲೇ ಕೇಳಿಡಿ. ಸ್ವಂತ ಪಿಸ್ತೂಲ್ ಅವಳ ಕೈ ಬೆಳೆಯೋದು ನಿಂತ ಮೇಲೆ ನೋಡಿದರಾಯಿತು, ಅಲ್ಲಿಯವರೆಗೆ ಬೇಕಾದ್ದು ಚಪ್ಪಟೆ ಅಡಿಯ ಶೂ, ಗುರಿ ನೋಡದ ಎಡಗಣ್ಣಿಗೆ ಅಡ್ಡಪಟ್ಟಿ, ಒಂದು ನೋಟ್‌ಬುಕ್ಕು.