ಸುಟ್ಟ ಗಾಯದ ಯೋಧ ಮನೆಗೆ ಬಂದ ಮೇಲೆ ಆರೈಕೆ ಹೇಗೆ?

ಪ್ರಶ್ನೆ, ಬದಿಯಡ್ಕ:
ಸೇನೆಯಲ್ಲಿರುವ ತಮ್ಮನಿಗೆ ಇಂಧನದ ಬೆಂಕಿ ತಗುಲಿ ಕುತ್ತಿಗೆ, ಕಂಕುಳು, ಬಲಗೈಗೆ ಚರ್ಮ ಕಸಿ ಆಗಿದೆ. ಗಾಯ ಮುಚ್ಚಿದೆ, ಮುಂದಿನ ವಾರ ಮನೆಗೆ ಬರುತ್ತಾನೆ. ಸ್ಪ್ಲಿಂಟ್ (ಕೈಯನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಆಸರೆ ಪಟ್ಟಿ), ಪ್ರೆಶರ್ ಗಾರ್ಮೆಂಟ್ (ಕಲೆಯನ್ನು ಒತ್ತಿ ಹಿಡಿಯುವ ಬಿಗಿ ಉಡುಪು) ಕೊಟ್ಟಿದ್ದಾರೆ. ಏನೇನು ನೋಡಿಕೊಳ್ಳಬೇಕು?

ಫಿಸಿಯೋಥೆರಪಿಸ್ಟ್, ಕಾಸರಗೋಡು:
ಅಕ್ಕಾ, ಗಾಯ ಮುಚ್ಚಿದ ಮೇಲೆಯೇ ಕಲೆ ಎಳೆಯಲು ಶುರುಮಾಡುವುದು. ಅವನಿಗೆ ಹಾಯೆನಿಸುವ ಭಂಗಿಯಲ್ಲೇ ಅದು ಬಿಗಿಯುತ್ತದೆ. ಪಾಪ ಅಂತ ಹಾಗೇ ಮಲಗಲು ಬಿಟ್ಟರೆ ಗದ್ದ ಎದೆಗೆ ಅಂಟುತ್ತದೆ, ತೋಳು ಎತ್ತಲಾಗುವುದಿಲ್ಲ. ಕುತ್ತಿಗೆಯ ಮುಂಭಾಗವಾದರೆ ತಲೆದಿಂಬು ಬೇಡ. ಹೆಗಲಿನಡಿ ಬೈರಾಸು (ಟವೆಲ್) ಸುತ್ತಿಟ್ಟು ಗದ್ದ ಮೇಲಾಗುವಂತೆ ಮಲಗಿಸಿ. ತೋಳು 90 ಡಿಗ್ರಿ ಹೊರಕ್ಕೆ ಚಾಚಿರಲಿ, ಕೆಳಗೆ ದಿಂಬಿನ ಆಸರೆ. ಕೈಯ ಹಿಂಬದಿ ಸುಟ್ಟಿದ್ದರೆ ಸ್ಪ್ಲಿಂಟಿನಲ್ಲಿ ಮಣಿಕಟ್ಟು 20–30 ಡಿಗ್ರಿ ಹಿಂದಕ್ಕೆ, ಬೆರಳ ಬುಡದ ಗೆಣ್ಣು 70 ಡಿಗ್ರಿ ಬಾಗಿ, ಬೆರಳು ನೆಟ್ಟಗಿರಬೇಕು. ವ್ಯಾಯಾಮದಲ್ಲಿ ಕಲೆ ಬಿಳಿಚುವಷ್ಟು ಎಳೆದು ಸ್ವಲ್ಪ ಹೊತ್ತು ಹಿಡಿಯಲಿ. ಮೊಣಕೈಯನ್ನು ಮಾತ್ರ ಬೇರೆಯವರು ಬಲವಂತವಾಗಿ ಎಳೆಯಬಾರದು, ಗಂಟಿನ ಸುತ್ತ ಎಲುಬು ಬೆಳೆಯುವ ಅಪಾಯ ಉಂಟು. ಅವನೇ ಆಡಿಸಲಿ.

ಬರ್ನ್ಸ್ ವಾರ್ಡ್ ನರ್ಸ್, ಮಂಜೇಶ್ವರ:
ಗಾರ್ಮೆಂಟ್ ದಿನಕ್ಕೆ 23 ಗಂಟೆ ಮೈಮೇಲಿರಬೇಕು, ಸ್ನಾನ ಮತ್ತು ಮಸಾಜಿಗಷ್ಟೇ ಬಿಚ್ಚುವುದು. ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ. ಎರಡು ಜೊತೆಯಾದರೂ ಕೇಳಿ ತನ್ನಿ, ನಮ್ಮ ಆಟಿ ಮಳೆಯಲ್ಲಿ ಒಂದು ದಿನಕ್ಕೆ ಒಣಗುವುದಿಲ್ಲ. ಒಲೆಯ ಮೇಲೆ ಒಣಗಿಸಿದರೆ ಇಲಾಸ್ಟಿಕ್ ಸಾಯುತ್ತದೆ; ಹೇಗೂ ಎರಡು ಮೂರು ತಿಂಗಳಲ್ಲಿ ಸಡಿಲವಾಗುತ್ತದೆ, ಆಗ ಹೊಸ ಅಳತೆ ಕೊಡಿ. ಕಸಿ ಚರ್ಮದಲ್ಲಿ ಬೆವರು, ಜಿಡ್ಡಿನ ಗ್ರಂಥಿಗಳಿರುವುದಿಲ್ಲ. ಅದಕ್ಕೇ ಒಣಗಿ ಬಿರಿಯುವುದು, ತುರಿಸುವುದು. ದಿನಕ್ಕೆ ಮೂರು ನಾಲ್ಕು ಸಲ ತೆಂಗಿನೆಣ್ಣೆ ಹಚ್ಚಿ ಹೆಬ್ಬೆರಳಿನಿಂದ ಒತ್ತಿ ಉರುಟಾಗಿ ತಿಕ್ಕಿ, ಜಿಡ್ಡು ಒರೆಸಿಯೇ ಗಾರ್ಮೆಂಟ್ ಹಾಕಿ. ಹೊಸ ಚರ್ಮದಲ್ಲಿ ನೀರುಗುಳ್ಳೆ ಎದ್ದರೆ ಅಲ್ಲಿ ತಿಕ್ಕಬೇಡಿ. ತುರಿಕೆಗೆ ನಿದ್ದೆ ಹೋಗುತ್ತಿದ್ದರೆ ಸಹಿಸಿಕೊಳ್ಳುವುದು ಬೇಡ, ಅದಕ್ಕೆ ಮಾತ್ರೆ ಉಂಟು, ವೈದ್ಯರಲ್ಲಿ ಕೇಳಿ. ತೋಟಕ್ಕೆ ಹೋದರೂ ಬಿಸಿಲು ಬೀಳದಂತೆ ಮುಚ್ಚಿ.

ಆಹಾರ ತಜ್ಞೆ, ಕುಂಬಳೆ:
ಮೊಟ್ಟೆ, ಮೀನು ನಂಜು ಅಂತ ಹಿರಿಯರು ತಡೆಯುತ್ತಾರೆ. ದಯವಿಟ್ಟು ನಿಲ್ಲಿಸಬೇಡಿ. ಕಿಲೋ ತೂಕಕ್ಕೆ ಒಂದೂವರೆ ಗ್ರಾಂ ಪ್ರೋಟೀನ್ ಬೇಕು, 60 ಕಿಲೋದವನಿಗೆ 90 ಗ್ರಾಂ. ಒಂದು ಮೊಟ್ಟೆಯಲ್ಲಿ 6, ನೂರು ಗ್ರಾಂ ಬಂಗುಡೆಯಲ್ಲಿ ಸುಮಾರು 20. ಗಂಜಿ ಉಪ್ಪಿನಕಾಯಿಯಲ್ಲಿ ಆಗುವ ಲೆಕ್ಕವಲ್ಲ ಇದು.

ನಿವೃತ್ತ ಸೇನಾ ನರ್ಸಿಂಗ್ ಸಹಾಯಕ, ಪೆರ್ಲ:
ಎರಡನೇ ಮಹಾಯುದ್ಧದಲ್ಲಿ ಸುಟ್ಟ ವಿಮಾನ ಯೋಧರಿಗೆ ಚಿಕಿತ್ಸೆ ಕೊಟ್ಟ ಸರ್ಜನ್ ಮ್ಯಾಕ್‌ಇಂಡೋ, ಅವರನ್ನು ವಾರ್ಡಿನಲ್ಲಿ ಬಚ್ಚಿಡದೆ ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಪೇಟೆಗೆ ಕಳಿಸುತ್ತಿದ್ದರು; ಪೇಟೆಯವರಿಗೆ ದಿಟ್ಟಿಸಬೇಡಿ ಎಂದು ಮೊದಲೇ ಹೇಳಿಟ್ಟಿದ್ದರು. ನೀವೂ ನೆಂಟರಿಗೆ ಮೊದಲೇ ಹೇಳಿಡಿ. ರಾತ್ರಿ ಬೆಚ್ಚಿ ಏಳುವುದು ವಾರಗಟ್ಟಲೆ ನಡೆದರೆ ಮನೋವೈದ್ಯರಿಗೆ ತೋರಿಸಿ. ಜ್ವರ, ವಾಸನೆ, ಹಸಿರು ಕೀವು ಕಂಡರೆ ಅದೇ ದಿನ ಆಸ್ಪತ್ರೆ, ಡಿಸ್ಚಾರ್ಜ್ ಕಾಗದ ಕೈಯಲ್ಲಿರಲಿ.