ಅಮೆರಿಕದ ಕ್ರಾಂತಿಯುದ್ಧದ ನಾಟಕ: ಹೆಂಗಸರಿಗೆ ಎಂತ ಕೆಲಸ ಕೊಡುವುದು?

ಕಡಿಯಾಳಿ_ರಂಗ:
ಉಡುಪಿಯ ಕಾಲೇಜು ಮಕ್ಕಳ ನಾಟಕ. 1778ರ ಮಾನ್ಮತ್ ಕಾಳಗದ ದೃಶ್ಯ ಉಂಟು. ಮೋಲಿ ಪಿಚರ್ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಸೈನಿಕರಿಗೆ ನೀರು ಕೊಡುತ್ತಾಳೆ, ಗಂಡ ಬಿದ್ದ ಮೇಲೆ ಫಿರಂಗಿಗೆ ನಿಲ್ಲುತ್ತಾಳೆ. ಬರೆದದ್ದು ಅಷ್ಟೇ. ಉಳಿದ ಐದು ಹುಡುಗಿಯರನ್ನು ಅಳುತ್ತಾ ನಿಲ್ಲಿಸಲು ಮನಸ್ಸಿಲ್ಲ.

ಬಿಜೈ_ಬಾವಿಕಟ್ಟೆ:
ಮೊದಲು ಆ ಕೊಡ ತೆಗೆದು ಬಕೆಟ್ ಕೊಡಿ ಮಾರಾಯ್ರೆ. ಜೂನ್ 28ರ ಆ ಸೆಕೆಗೆ ಕುಡಿಯುವ ನೀರು ಬೇಕಿತ್ತು, ಸರಿ, ಫಿರಂಗಿಗೂ ಬೇಕಿತ್ತು. ಒಂದು ಗುಂಡು ಹಾರಿದ ಮೇಲೆ ಮದ್ದಿನ ಚೀಲದ ಚೂರು ನಳಿಗೆಯೊಳಗೆ ಕೆಂಡವಾಗಿ ಉಳಿಯುತ್ತದೆ. ತುದಿಗೆ ಕುರಿಚರ್ಮ ಸುತ್ತಿದ ಉದ್ದ ಕೋಲನ್ನು ನೀರಿಗೆ ಅದ್ದಿ, ಬುಡದವರೆಗೆ ತೂರಿಸಿ, ತಿರುಗಿಸಿ ಒರೆಸಬೇಕು. ಅಷ್ಟು ಹೊತ್ತೂ ಇನ್ನೊಬ್ಬ, ಬತ್ತಿ ಮುಟ್ಟಿಸುವ ತೂತನ್ನು ಚರ್ಮದ ಕವಚ ಹಾಕಿದ ಹೆಬ್ಬೆರಳಿನಿಂದ ಒತ್ತಿ ಹಿಡಿದಿರಬೇಕು. ಬೆರಳು ಸಡಿಲಾದರೆ ಗಾಳಿ ಹೊಕ್ಕು ಕೆಂಡ ಹೊತ್ತಿಕೊಳ್ಳುತ್ತದೆ. ಮುಂದಿನ ಮದ್ದು ತುರುಕುವವನ ಕೈ ಹೋಗುವುದು ಹಾಗೆ. ಬಕೆಟಿನ ನೀರು ಬೇಗ ಮಸಿಯಾಗುವುದರಿಂದ ಮತ್ತೆ ಮತ್ತೆ ತರಲೇಬೇಕು. ಒಬ್ಬ ಹುಡುಗಿಗೆ ಬರೀ ಅದೇ ಓಡಾಟ ಕೊಡಿ.

ಮೋಲಿ ಎಂದು ಸಾಮಾನ್ಯವಾಗಿ ಗುರುತಿಸುವುದು ಮೇರಿ ಲುಡ್ವಿಗ್ ಹೇಸ್‌ಳನ್ನು. 1822ರಲ್ಲಿ ಪೆನ್ಸಿಲ್ವೇನಿಯಾ ಅವಳಿಗೆ ವರ್ಷಕ್ಕೆ 40 ಡಾಲರ್ ಮಂಜೂರು ಮಾಡಿತು. ನನ್ನನ್ನು ಕೇಳಿದರೆ ಮಾರ್ಗರೆಟ್ ಕಾರ್ಬಿನ್ ಇನ್ನೂ ಗಟ್ಟಿ ಪಾತ್ರ: 1776ರ ನವೆಂಬರ್ 16ರಂದು ಫೋರ್ಟ್ ವಾಷಿಂಗ್ಟನ್‌ನಲ್ಲಿ ಸತ್ತ ಗಂಡನ ಜಾಗದಲ್ಲಿ ನಿಂತು ಗಾಯಗೊಂಡವಳು. 1779ರಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಅಂದಿನ ಆಡಳಿತ ಸಭೆ, ಕೊಟ್ಟದ್ದು ಸೈನಿಕನ ಅರ್ಧ ಸಂಬಳ.

ಮಲ್ಪೆ_ಗಾಳಿ:
ಮತ್ತಿಬ್ಬರಿಗೆ ಬಟ್ಟೆ ಒಗೆಯುವ ಕೆಲಸ ಕೊಡಿ. ಪಾಳೆಯದ ಹೆಂಗಸರ ಮುಖ್ಯ ದುಡಿಮೆ ಅದೇ. ಲಿನನ್ ಅಂಗಿಯನ್ನು ಕುದಿಸಿ ಮರದ ಹಲಗೆಯಿಂದ ಬಡಿಯುತ್ತಾರೆ. ಉಣ್ಣೆಯನ್ನು ಕುದಿಸಿದರೆ ಕುಗ್ಗಿ ಕಂಬಳಿಯಾಗುತ್ತದೆ, ಮುಟ್ಟಬೇಡಿ.

ಸಾಬೂನಿಗೆ ಬೂದಿನೀರು. ತಳದಲ್ಲಿ ತೂತಿರುವ ಪೀಪಾಯಿ, ಅದರೊಳಗೆ ಹುಲ್ಲು, ಮೇಲೆ ಗಟ್ಟಿಮರದ ಬೂದಿ, ಅದರ ಮೇಲೆ ಮಳೆನೀರು. ಕೆಳಗೆ ಇಳಿದ ಕಂದು ನೀರಿಗೆ ಮೊಟ್ಟೆ ಬಿಡಿ: ಮುಳುಗಿದರೆ ಸಪ್ಪೆ, ಹೊಸ ಬೂದಿಗೆ ಮತ್ತೆ ಹೊಯ್ಯಬೇಕು, ನಾಣ್ಯದಷ್ಟು ಮಾತ್ರ ಮೇಲೆ ಕಂಡರೆ ಹದ. ಅಡುಗೆಯಲ್ಲಿ ಉಳಿದ ಕೊಬ್ಬಿನೊಂದಿಗೆ ಕುದಿಸಿದರೆ ಬರುವುದು ಮಣ್ಣಿಯಂಥ ಮೆತ್ತನೆ ಸಾಬೂನು. ಗಟ್ಟಿಯಾಗಲು ಉಪ್ಪು ಬೇಕು, ಯುದ್ಧದಲ್ಲಿ ಉಪ್ಪಿಗೇ ಬರ. ಹಾಗಾಗಿ ವೇದಿಕೆಯ ಮೇಲೆ ಸಾಬೂನಿನ ಬಿಲ್ಲೆ ಇಡಬೇಡಿ.

ಕಡಿಯಾಳಿ_ರಂಗ:
ಇನ್ನಿಬ್ಬರು ಉಳಿದರು. ಬೂದಿನೀರು ನಿಜವಾಗಿ ಮಾಡಬಹುದಾ?

ಮಲ್ಪೆ_ಗಾಳಿ:
ಬೇಡ, ಕೈ ಸುಡುತ್ತದೆ, ಅಲ್ಯುಮಿನಿಯಂ ಪಾತ್ರೆಯನ್ನೂ ತಿನ್ನುತ್ತದೆ. ಚಹಾದ ಡಿಕಾಕ್ಷನ್ ಸಾಕು, ಬಣ್ಣ ಅದೇ.

ಬಿಜೈ_ಬಾವಿಕಟ್ಟೆ:
ಉಳಿದವರು ಚಂದಾ ಎತ್ತಲಿ. 1780ರಲ್ಲಿ ಫಿಲಡೆಲ್ಫಿಯಾದಲ್ಲಿ ಎಸ್ತರ್ ರೀಡ್ ಮತ್ತು ಜೊತೆಯವರು ಮನೆಮನೆಗೆ ಹೋಗಿ 3 ಲಕ್ಷ ಡಾಲರಿಗೂ ಮೇಲೆ ಸೇರಿಸಿದರು, ಎಲ್ಲ ಬೆಲೆ ಬಿದ್ದ ಕಾಗದದ ನೋಟು. ಸೈನಿಕರ ಕೈಗೇ ಹಣ ಕೊಡಬೇಕೆಂದು ಅವರ ಆಸೆ, ಸೇನಾಪತಿ ಜಾರ್ಜ್ ವಾಷಿಂಗ್ಟನ್ ಒಪ್ಪದೆ ಅಂಗಿ ಕೇಳಿದ. ಆ ವರ್ಷವೇ ರೀಡ್ ತೀರಿಕೊಂಡರು. ಬೆಂಜಮಿನ್ ಫ್ರಾಂಕ್ಲಿನ್ನನ ಮಗಳು ಸಾರಾ ಬೇಶ್ ಮುಂದುವರಿಸಿ 2,000ಕ್ಕೂ ಹೆಚ್ಚು ಅಂಗಿ ಹೊಲಿಸಿದರು. ಪ್ರತಿ ಅಂಗಿಯ ಮೇಲೂ ಹೊಲಿದವಳ ಹೆಸರು. ನಿಮ್ಮ ಹುಡುಗಿಯರ ಹೆಸರನ್ನೇ ಅಂಗಿಗಳಿಗೆ ಹೊಲಿಸಿ, ಆದರೆ ಮುಂದಿನ ಸಾಲಿಗೆ ಕಾಣುವಷ್ಟು ದಪ್ಪ ದಾರದಲ್ಲಿ.