ಸಾಕುಪ್ರಾಣಿಗಳ ಆತಂಕ ಮತ್ತು ಖಿನ್ನತೆ: ಪಶುವೈದ್ಯೆಯೊಂದಿಗೆ ಪ್ರಶ್ನೋತ್ತರ

ಮಡಿಕೇರಿಯ ಸದಸ್ಯೆ: ಮೇಡಂ, ಹುತ್ತರಿಯ ಕುಶಾಲುತೋಪು ಕೇಳಿದರೆ ನಮ್ಮ ಲ್ಯಾಬ್ರಡಾರ್ ಮಂಚದಡಿ ಸೇರಿ ನಡುಗುತ್ತದೆ. ಮುದ್ದಿಸಿದರೆ ಹೆದರಿಕೆ ಹೆಚ್ಚುತ್ತದೆಯೆಂದು ಮನೆಯವರು ಹೇಳುತ್ತಾರೆ. ನಿಜವೇ?

ಪಶುವೈದ್ಯೆ: ನಿಜವಲ್ಲ. ಪಕ್ಕದಲ್ಲಿ ಕುಳಿತು ಮೈ ಸವರಿದರೆ ಭಯ ಹೆಚ್ಚುವುದಿಲ್ಲ. ಬೈದು ಹೊರಗೆಳೆದರೆ ಹೆಚ್ಚುತ್ತದೆ. ಸದ್ದು ಶುರುವಾಗುವ ಮೊದಲೇ ಕಿಟಕಿ ಮುಚ್ಚಿದ ಒಳಕೋಣೆಯಲ್ಲಿ ಬಿಡಿ. ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುವುದು, ತಿನಿಸಿಲ್ಲದೆ ತುಟಿ ನೆಕ್ಕುವುದು, ಚಳಿಯಲ್ಲೂ ಏದುಸಿರು ಬಿಡುವುದು ನಡುಕಕ್ಕಿಂತ ಮೊದಲು ಕಾಣುವ ಆತಂಕದ ಸೂಚನೆಗಳು.

ಕುಶಾಲನಗರದ ಸದಸ್ಯರು: ನಮ್ಮ ಪಗ್ ದೀಪಾವಳಿಯ ಪಟಾಕಿಗೆ ಹೆದರುತ್ತದೆ. ಏನು ಮಾಡಬೇಕು?

ಪಶುವೈದ್ಯೆ: ಮೇಲಿನ ಉತ್ತರವನ್ನೇ ಓದಿ.

ಪೊನ್ನಂಪೇಟೆಯ ಸದಸ್ಯೆ: ಲವ್ ಬರ್ಡ್ಸ್ ಜೋಡಿಯಲ್ಲಿ ಒಂದು ಸತ್ತ ಮೇಲೆ ಉಳಿದದ್ದು ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುತ್ತಿದೆ. ಇದು ಖಿನ್ನತೆಯೇ?

ಸಿದ್ದಾಪುರದ ಸದಸ್ಯರು: ನಮ್ಮ ಅಜ್ಜ ತೀರಿಕೊಂಡ ಮೇಲೆ ಅವರ ನಾಯಿ ಮಂಕಾಗಿತ್ತು. ಎರಡು ದಿನದಿಂದ ಕಾಫಿ ಗೋದಾಮಿನ ಮೂಟೆಗಳ ಹಿಂದೆ ಕತ್ತಲಲ್ಲಿ ಕುಳಿತಿದೆ, ಬಾಯಿ ಅರ್ಧ ತೆರೆದೇ ಇದೆ, ಜೊಲ್ಲು ಸುರಿಯುತ್ತಿದೆ, ಬೊಗಳಿದರೆ ದನಿ ಒಡೆದಿದೆ. ಹಿಂದಿನ ತಿಂಗಳು ಬೀದಿನಾಯಿಯೊಂದಿಗೆ ಕಚ್ಚಾಡಿತ್ತು. ಲಸಿಕೆ ಮರಿಯಾಗಿದ್ದಾಗ ಮಾತ್ರ ಹಾಕಿಸಿದ್ದು. ಗಂಟಲಲ್ಲಿ ಮೂಳೆಯಿದೆಯೇನೋ ಎಂದು ನಿನ್ನೆ ಕೈ ಹಾಕಿ ನೋಡಿದೆ. ಕಪಾತು ಮಾಡುವಾಗ, ಅಂದರೆ ಕಾಫಿ ಗಿಡದ ರೆಂಬೆ ಕತ್ತರಿಸುವಾಗ, ಬೆರಳಿಗಾದ ಗಾಯಕ್ಕೆ ಜೊಲ್ಲು ತಾಗಿತು.

ಪಶುವೈದ್ಯೆ: ಇದನ್ನು ಖಿನ್ನತೆಯೆಂದು ಭಾವಿಸಿ ಕಾಯಬೇಡಿ. ಒಡೆಯನನ್ನು ಕಳೆದುಕೊಂಡ ನಾಯಿ ಊಟ ಕಡಿಮೆ ಮಾಡುವುದು, ಬಾಗಿಲ ಬಳಿ ಕಾಯುವುದು, ಆಟ ಬಿಡುವುದು ಉಂಟು. ಆದರೆ ದುಃಖದಿಂದ ಕೆಳದವಡೆ ಜೋತುಬೀಳುವುದಿಲ್ಲ, ದನಿ ಒಡೆಯುವುದಿಲ್ಲ. ಲಸಿಕೆ ತಪ್ಪಿದ ನಾಯಿಯಲ್ಲಿ, ಕಚ್ಚಾಟ ನಡೆದ ಕೆಲವು ವಾರಗಳಿಗೆ ಇವೆಲ್ಲ ಒಟ್ಟಿಗೆ ಕಂಡರೆ ನಾನು ಮೊದಲು ಶಂಕಿಸುವುದು ರೇಬೀಸನ್ನು. ಹುಚ್ಚುನಾಯಿ ಅಟ್ಟಿಸಿಕೊಂಡು ಬಂದು ಕಚ್ಚುತ್ತದೆಯೆಂದೇ ಎಲ್ಲರೂ ತಿಳಿದಿದ್ದಾರೆ. ಮೂಲೆಯಲ್ಲಿ ಮುದುಡಿ, ಮೂಳೆ ಸಿಕ್ಕಿಕೊಂಡಂತೆ ಬಾಯಿ ತೆರೆದು ಕೂರುವ ಮೂಕ ರೂಪವೂ ಅದೇ ರೋಗದ್ದು, ಮತ್ತು ಮೂಳೆ ತೆಗೆಯಹೋಗಿ ಬಾಯಿಗೆ ಕೈ ಹಾಕಿದವರೇ ಅಪಾಯಕ್ಕೆ ಸಿಲುಕುತ್ತಾರೆ. ಈಗಲೇ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ಕೈ ತೊಳೆದು, ಇಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ನಡೆದದ್ದನ್ನೆಲ್ಲ ತಿಳಿಸಿ. ಗಾಯಕ್ಕೆ ಜೊಲ್ಲು ತಾಗಿರುವುದರಿಂದ ಲಸಿಕೆಯೊಂದೇ ಸಾಲದು, ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದಾದ ಇಮ್ಯುನೊಗ್ಲೊಬ್ಯುಲಿನ್ ಕೂಡ ಬೇಕಾಗುತ್ತದೆ. ಗೋದಾಮಿಗೆ ಬೀಗ ಹಾಕಿ ಪಶು ಆಸ್ಪತ್ರೆಗೆ ಫೋನ್ ಮಾಡಿ. ನಾಯಿಯನ್ನು ಜೀಪಿಗೆ ಹತ್ತಿಸಬೇಡಿ. ಲಕ್ಷಣ ಕಂಡ ನಾಯಿ ಸಾಮಾನ್ಯವಾಗಿ 10 ದಿನದೊಳಗೆ ಸಾಯುತ್ತದೆ, ಆದರೆ ಅದನ್ನು ನೋಡಿಕೊಂಡು ಚುಚ್ಚುಮದ್ದು ಮುಂದೂಡುವಂತಿಲ್ಲ.

ಗೋಣಿಕೊಪ್ಪಲಿನ ಸದಸ್ಯರು: ವಾಟ್ಸಾಪ್‌ನಲ್ಲಿ ಬಂದದ್ದು: ಗಾಯಕ್ಕೆ ಸುಣ್ಣ, ಮೆಣಸಿನಪುಡಿ ಹಚ್ಚಬೇಕು. ನಾಯಿಗೆ ಒಂದು ಚಮಚ ಬ್ರಾಂದಿ ಕುಡಿಸಿದರೆ ಚಿಂತೆ ಬಿಡುತ್ತದೆ.

ಪಶುವೈದ್ಯೆ: ಆ ಬ್ರಾಂದಿ ಕುಡಿಸಲು ಅದರ ಬಾಯಿ ಬಿಡಿಸುವವರು ಯಾರು, ನೀವೇ? ಆರೋಗ್ಯವಂತ ನಾಯಿಗೂ ಮದ್ಯ ವಿಷವೇ. ಮನುಷ್ಯರ ನಿದ್ದೆಮಾತ್ರೆಯನ್ನೂ ಕೊಡಬೇಡಿ. ಬೆಕ್ಕಿಗಂತೂ ಒಂದು ಪ್ಯಾರಾಸಿಟಮಾಲ್ ಮಾತ್ರೆಯೇ ಪ್ರಾಣ ತೆಗೆಯಬಹುದು. ನಿಮ್ಮ ಸಂದೇಶವನ್ನು ಅಳಿಸಿ.

ವಿರಾಜಪೇಟೆಯ ಸದಸ್ಯರು: ನಮ್ಮ ಕಾಲದ ಬೇಟೆನಾಯಿಗಳಿಗೆ ಖಿನ್ನತೆಯೆಂಬುದೇ ಇರಲಿಲ್ಲ. ಇದೆಲ್ಲ ಸೋಫಾದ ಮೇಲೆ ಸಾಕಿದ್ದರ ಫಲ.

ನಾಪೋಕ್ಲುವಿನ ಸದಸ್ಯೆ: ಆ ನಾಯಿಗಳು ದಿನವಿಡೀ ತೋಟ ಸುತ್ತುತ್ತಿದ್ದವು, ಅಣ್ಣ. ನಿಮ್ಮ ಗೇಟಿನ ನಾಯಿ ಸರಪಳಿಯಲ್ಲೇ ಸುತ್ತು ಹೊಡೆದು ನೆಲ ಸವೆಸಿದೆ, ಮುಂಗಾಲು ನೆಕ್ಕಿ ಹುಣ್ಣು ಮಾಡಿಕೊಂಡಿದೆ.

ವಿರಾಜಪೇಟೆಯ ಸದಸ್ಯರು: ಕಾವಲಿಗೆ ಕಟ್ಟಿದ್ದೇನೆ, ಮೆರವಣಿಗೆಗಲ್ಲ. ನನ್ನ ಗೇಟಿನ ವಿಚಾರ ನಿಮಗೇಕೆ?

ಪಶುವೈದ್ಯೆ: ನೆಕ್ಕಿ ಮಾಡಿಕೊಂಡ ಹುಣ್ಣಿಗೆ ಮುಲಾಮು ಮಾತ್ರ ಹಚ್ಚಿದರೆ ವಾಸಿಯಾಗದು. ಮೊದಲು ಸರಪಳಿ ಬಿಚ್ಚಿ, ಆಮೇಲೆ ವಾದಿಸಿ.

ಸೋಮವಾರಪೇಟೆಯ ಸದಸ್ಯೆ: ಮನೆ ಬದಲಾಯಿಸಿದ ಮೇಲೆ ನಮ್ಮ ಗಂಡುಬೆಕ್ಕು ಬೇಸರಗೊಂಡಿದೆ. ಬೆಳಿಗ್ಗೆಯಿಂದ ಮೂತ್ರಕ್ಕೆ ತಿಣುಕುತ್ತಿದೆ, ಹನಿಯೂ ಬರುತ್ತಿಲ್ಲ.

ಪಶುವೈದ್ಯೆ: ಮೂತ್ರ ಕಟ್ಟಿದೆ. ನಾಳೆಯವರೆಗೆ ಕಾಯಬೇಡಿ, ಈಗಲೇ ಆಸ್ಪತ್ರೆಗೆ ಒಯ್ಯಿರಿ.

ಕುಶಾಲನಗರದ ಸದಸ್ಯರು: ಪಗ್‌ಗೆ ಮಾತ್ರೆಯ ಹೆಸರು ಹೇಳಿದ್ದರೆ ಸಾಕಿತ್ತು.

ಪಶುವೈದ್ಯೆ: ಪರೀಕ್ಷಿಸದೆ ಹೇಳುವುದಿಲ್ಲ. ಸಿದ್ದಾಪುರದವರು ಆಸ್ಪತ್ರೆ ತಲುಪಿದಿರಾ?

ಸಿದ್ದಾಪುರದ ಸದಸ್ಯರು: ಮೊದಲ ಚುಚ್ಚುಮದ್ದು ಆಯಿತು. ನಾಯಿಯ ತಟ್ಟೆಯನ್ನು ತೊಳೆದವರು ಅಮ್ಮ. ಅವರಿಗೂ ಬೇಕೇ?

ಪಶುವೈದ್ಯೆ: ಅವರ ಕೈಯಲ್ಲಿ ಗೀರು, ಗಾಯವೇನಾದರೂ ಇದೆಯೇ ನೋಡಿ. ಇರಲಿ, ಇಲ್ಲದಿರಲಿ, ಅವರನ್ನೂ ಅದೇ ವೈದ್ಯರಿಗೆ ತೋರಿಸಿ.